ಗ್ರಾಪ್ಪಾ ಬ್ರಾಂದಿಯೇ ಅಲ್ಲವೇ?

ಎರಡೂ ದ್ರಾಕ್ಷಿಯಿಂದಲೇ ಆಗುವುದಾದರೆ ಇಟಲಿಯ ಗ್ರಾಪ್ಪಾ ಎಂಬ ಮದ್ಯಕ್ಕೂ ಬ್ರಾಂದಿಗೂ ಏನು ವ್ಯತ್ಯಾಸವೆಂದು ತಾವು ಕೇಳಿದ್ದೀರಿ. ಬ್ರಾಂದಿಯು ವೈನನ್ನೇ ಭಟ್ಟಿ ಇಳಿಸಿ ಪಡೆದದ್ದು. ಗ್ರಾಪ್ಪಾವಾದರೋ ವೈನಿಗಾಗಿ ದ್ರಾಕ್ಷಿಯನ್ನು ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಮತ್ತು ಬೀಜಗಳ ಹಿಪ್ಪೆಯಿಂದ ಬರುತ್ತದೆ. ಈ ಹಿಪ್ಪೆಯಲ್ಲಿ ದ್ರವಾಂಶ ಕಡಿಮೆಯಿರುವುದರಿಂದ ನೇರ ಉರಿಯಲ್ಲಿ ಅದು ಬೇಗನೆ ತಳ ಹತ್ತಿ ಸೀದುಹೋಗುತ್ತದೆ. ಆದ್ದರಿಂದ ಮನೆತನಗಳು ನಡೆಸುವ ಸಣ್ಣ ಭಟ್ಟಿಗಳಲ್ಲಿ ತಾಮ್ರದ ಹಂಡೆಯೊಳಗೆ ಹಬೆಯನ್ನು ಹಾಯಿಸಿಯೋ ಸುತ್ತ ಬಿಸಿನೀರನ್ನಿರಿಸಿಯೋ ನಿಧಾನವಾಗಿ ಕಾಯಿಸುವ ಪದ್ಧತಿಯಿದೆ. ಮೊದಲು ಇಳಿಯುವ ಘಾಟಿನ ಭಾಗವನ್ನೂ ಕೊನೆಯ ಜಿಡ್ಡಿನ ಭಾಗವನ್ನೂ ಬೇರ್ಪಡಿಸಿ ನಡುವಿನದನ್ನಷ್ಟೇ ಉಳಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಭಟ್ಟಿಗಾರನ ನಿಜವಾದ ಕೌಶಲವಿರುವುದು ಈ ವಿಂಗಡಣೆಯಲ್ಲಿಯೇ.

ಹಿಂದೆ ಎಲ್ಲ ತಳಿಗಳ ಹಿಪ್ಪೆಯನ್ನೂ ಒಟ್ಟಿಗೆ ಸುರಿದು ಭಟ್ಟಿ ಇಳಿಸುತ್ತಿದ್ದುದರಿಂದ ಗ್ರಾಪ್ಪಾಕ್ಕೆ ಬಡ ರೈತರ ಒರಟು ಪಾನೀಯವೆಂಬ ಹೆಸರಿತ್ತು (ಅದು ತೀರಾ ಅನ್ಯಾಯದ ಮಾತೇನೂ ಆಗಿರಲಿಲ್ಲ). ಈಶಾನ್ಯ ಇಟಲಿಯ ಫ್ರಿಯುಲಿ ಪ್ರಾಂತದಲ್ಲಿ 1897ರಿಂದ ಭಟ್ಟಿ ನಡೆಸಿಕೊಂಡು ಬಂದಿದ್ದ ನೊನಿನೊ ಕುಟುಂಬವು 1973ರಲ್ಲಿ ಪಿಕೊಲಿಟ್ ಎಂಬ ಒಂದೇ ತಳಿಯ ಹಿಪ್ಪೆಯನ್ನು ಪ್ರತ್ಯೇಕವಾಗಿ ಭಟ್ಟಿ ಇಳಿಸಿದ ಮೇಲೆ ಆ ಅಭಿಪ್ರಾಯ ಬದಲಾಗತೊಡಗಿತು. ತಾವು ಮೊದಲ ಬಾರಿಗೆ ಸವಿಯುವುದಾದರೆ ಇಂತಹ ಏಕತಳಿಯ ಗ್ರಾಪ್ಪಾವನ್ನೇ ಆರಿಸಿಕೊಳ್ಳಿ. ಅದರಲ್ಲಿ ದ್ರಾಕ್ಷಿಯ ಪರಿಮಳ ಹೆಚ್ಚು ಸ್ಪಷ್ಟವಾಗಿರುತ್ತದೆ.