ನ್ಯೂಟ್ರಾನ್ ಎಣಿಸಲು ಕಂಪ್ಯೂಟರ್ ಯಾಕೆ?

ಪ್ರಶ್ನೆ: ಸರ್, ರಿಯಾಕ್ಟರಿನ ನ್ಯೂಟ್ರಾನ್ ಡಿಟೆಕ್ಟರ್‌ಗಳನ್ನು ಮೊದಲು ಕಂಪ್ಯೂಟರಿನಲ್ಲೇ ಪರೀಕ್ಷಿಸುತ್ತಾರಂತೆ. ಸುಮ್ನೆ ಒಂದು ಮಾಡಿ ನೋಡಿದರೆ ಸಾಲದೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ದೀಯಮ್ಮ. ಇಲ್ಲಿ ಹಾಸನದಲ್ಲಿ ಈ ಪಾಠ ಮಾಡುವಾಗ ನಾನು ಬೋರಾನ್ ಲೇಪದಿಂದಲೇ ಶುರು ಮಾಡುತ್ತೇನೆ. ನನಗೆ ಬಹಳ ಇಷ್ಟದ ಉದಾಹರಣೆ ಅದು.

ನ್ಯೂಟ್ರಾನಿಗೆ ವಿದ್ಯುದಾವೇಶ ಇಲ್ಲ. ಹಾಗಾಗಿ ಅದು ನೇರವಾಗಿ ಸಿಗ್ನಲ್ ಕೊಡುವುದಿಲ್ಲ. ಅದಕ್ಕೇ ಕೆಲವು ಡಿಟೆಕ್ಟರ್‌ಗಳ ಕೊಳವೆಯ ಒಳಮೈಗೆ ಬೋರಾನ್-10 ಬಳಿದಿರುತ್ತಾರೆ. ಅದು ನ್ಯೂಟ್ರಾನನ್ನು ಹೀರಿಕೊಂಡು ಒಡೆಯುತ್ತದೆ. ಆಲ್ಫಾ ಕಣ ಒಂದು ಕಡೆ, ಲಿಥಿಯಂ-7 ಅದರ ಎದುರು ಕಡೆ ಹಾರುತ್ತವೆ. ಎರಡರಲ್ಲಿ ಒಂದು ಒಳಗಿನ ಗ್ಯಾಸಿಗೆ ಬಂದರೆ ಸಿಗ್ನಲ್ ಸಿಕ್ಕಿತು.

ಲೇಪ ದಪ್ಪ ಮಾಡಿದರೆ ನ್ಯೂಟ್ರಾನ್ ಜಾಸ್ತಿ ಸಿಗಬೇಕು, ಅಲ್ವಾ? ಸಿಗುತ್ತವೆ. ಆದರೆ ಆಲ್ಫಾ ಬೋರಾನಿನೊಳಗೆ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಓಡಿ ನಿಂತುಬಿಡುತ್ತದೆ. ಗ್ಯಾಸಿನವರೆಗೆ ಬರುವುದೇ ಇಲ್ಲ! ಒಂದೊಂದು ದಪ್ಪಕ್ಕೂ ಒಂದು ಕೊಳವೆ ಮಾಡಿಸಿ ಅಳೆಯುತ್ತಾ ಕೂತರೆ ದುಡ್ಡೂ ಹೋಯಿತು, ಕಾಲವೂ ಹೋಯಿತು.

ಇಲ್ಲಿ ಮಾಂಟೆ ಕಾರ್ಲೊ ವಿಧಾನ, ಅಂದರೆ ದಾಳ ಉರುಳಿಸಿದ ಹಾಗೆ ಯಾದೃಚ್ಛಿಕ ಸಂಖ್ಯೆಗಳಿಂದ ಲೆಕ್ಕ ಹಾಕುವ ವಿಧಾನ, ಕೈಹಿಡಿಯುತ್ತದೆ. 1940ರ ದಶಕದಲ್ಲಿ ಗಣಿತಜ್ಞರಾದ ಉಲಾಂ ಮತ್ತು ವಾನ್ ನಾಯ್ಮನ್ ಇದನ್ನು ನ್ಯೂಟ್ರಾನ್ ಲೆಕ್ಕಕ್ಕೇ ಬಳಸಿದರು. ಲಕ್ಷಗಟ್ಟಲೆ ನ್ಯೂಟ್ರಾನ್‌ಗಳ ಹಾದಿಯನ್ನು ಕಂಪ್ಯೂಟರ್ ಒಂದೊಂದಾಗಿ ಲೆಕ್ಕ ಹಾಕುತ್ತದೆ. ರಿಯಾಕ್ಟರಿನ ಗಾಮಾ ಕಿರಣ ಕೊಡುವ ಸುಳ್ಳು ಸಿಗ್ನಲ್‌ಗಳ ಕಾಟ ಎಷ್ಟು ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಕೊನೆಗೆ ನಿಜವಾದ ಡಿಟೆಕ್ಟರ್ ಮಾಡಿ ಅಳೆದು ನೋಡಲೇಬೇಕು, ಅದನ್ನು ಬಿಡುವ ಹಾಗಿಲ್ಲ.

ಜಿಯಾಂಟ್4 ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಲೇಪವನ್ನು 1ರಿಂದ 5 ಮೈಕ್ರಾನ್‌ವರೆಗೆ ಬದಲಿಸಿ ನೀನೇ ನೋಡಮ್ಮ. ಏನು ಬಂತು ಅಂತ ನನಗೂ ಬರೆದು ತಿಳಿಸು.