ಬಿಸಿಯಾದ ಮೇಲೆ ಕಾರು ತಾನಾಗೇ ಆಫ್ ಆಗ್ತಿದೆ, ಫ್ಯುಯೆಲ್ ಪಂಪ್ ಬದಲಾಯಿಸಬೇಕಾ?

ಬೆಂಗಳೂರಿಗೆ ಹೊರಟರೆ ಡಾಬಸ್‌ಪೇಟೆ ದಾಟಿದ ಮೇಲೆ ಎಂಜಿನ್ ಏಕಾಏಕಿ ನಿಂತುಹೋಗುತ್ತೆ, ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ, ಮೆಕ್ಯಾನಿಕ್ ಪಂಪ್ ಹೋಗಿದೆ ಅಂತಿದ್ದಾರೆ ಅಂತ ಬರೆದಿದ್ದೀರಿ. ಪಂಪಿಗೆ ದುಡ್ಡು ಕೊಡೋ ಮೊದಲು ಸ್ವಲ್ಪ ತಡೀರಿ ಸಾರ್. ನಾನು ತುಮಕೂರಲ್ಲೇ ಗಾಡಿಗಳ ವೈರಿಂಗ್ ಕೆಲಸ ಮಾಡೋನು. ಪೆಟ್ರೋಲ್ ಗಾಡಿ ಅಂದುಕೊಂಡು ಹೇಳ್ತೀನಿ, ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಕ್ರ್ಯಾಂಕ್ ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ಎಂಜಿನ್ನಿನ ಮುಖ್ಯ ಶಾಫ್ಟ್.

ಎಂಜಿನ್ ತಿರುಗ್ತಿದೆಯಾ, ಪಿಸ್ಟನ್ ಎಲ್ಲಿದೆ ಅಂತ ಇಸಿಎಂಗೆ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರಿಗೆ, ತಿಳಿಸೋದು ಈ ಸೆನ್ಸರೇ. ಕ್ರ್ಯಾಂಕ್ ಜೊತೆ ತಿರುಗೋ ಹಲ್ಲಿನ ಚಕ್ರದ ಎದುರು ಕೂತಿರುತ್ತೆ. ಬಹಳಷ್ಟು ಕಾರುಗಳಲ್ಲಿ ಆ ಚಕ್ರದಲ್ಲಿ 60 ಹಲ್ಲಿಗೆ ಜಾಗ ಇದ್ದು, 2 ಹಲ್ಲು ಬೇಕಂತಲೇ ಬಿಟ್ಟಿರ್ತಾರೆ. ಆ ಖಾಲಿ ಜಾಗ ಹಾದುಹೋದಾಗಲೆಲ್ಲ ಇಸಿಎಂ ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತೆ. ಸೆನ್ಸರ್ ಹಳೇದಾದಾಗ ಒಳಗಿನ ಸಣ್ಣ ತಂತಿಯ ಕಾಯಿಲ್ ಬಿಸಿಗೆ ಹಿಗ್ಗಿ ಎಲ್ಲೋ ಬಿಟ್ಟುಕೊಳ್ಳುತ್ತೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತೆ. ನಿಮ್ಮ ಅರ್ಧ ಗಂಟೆಯ ಲೆಕ್ಕ ಇಲ್ಲಿಂದ ಬಂದಿರಬಹುದು.

ಹಾಗಾದ್ರೆ ಮೆಕ್ಯಾನಿಕ್ ಪಂಪ್ ಅಂತ ಯಾಕಂದ್ರು? ಅವರು ಸುಳ್ಳು ಹೇಳ್ತಿಲ್ಲ. ಕೀ ಆನ್ ಮಾಡಿದಾಗ ಪಂಪ್ ಸುಮಾರು ಎರಡು ಸೆಕೆಂಡ್ ಓಡಿ ನಿಲ್ಲುತ್ತೆ. ಆಮೇಲೆ ಕ್ರ್ಯಾಂಕ್ ಸಿಗ್ನಲ್ ಬಂದರೆ ಮಾತ್ರ ಇಸಿಎಂ ಪಂಪ್ ರಿಲೇಗೆ (ಪಂಪನ್ನ ಆನ್-ಆಫ್ ಮಾಡೋ ಸ್ವಿಚ್ಚಿಗೆ) ಮತ್ತೆ ಕರೆಂಟ್ ಕೊಡೋದು. ಆಕ್ಸಿಡೆಂಟಲ್ಲಿ ಎಂಜಿನ್ ನಿಂತು, ಪೈಪ್ ಕಿತ್ತುಹೋದ್ರೆ ಪೆಟ್ರೋಲ್ ಸುರೀಬಾರದು ಅಂತ ಈ ಏರ್ಪಾಡು. ಈಗ ಸೆನ್ಸರ್ ಸತ್ತಿರೋವಾಗ ಪೈಪ್ ಬಿಚ್ಚಿ ಸೆಲ್ಫ್ ಹೊಡೆದು ನೋಡಿದ್ರೆ ಮೊದಲ ಎರಡು ಸೆಕೆಂಡ್ ಬಿಟ್ಟರೆ ಪೆಟ್ರೋಲ್ ಬರೋದೇ ಇಲ್ಲ. ಪಂಪ್ ಮೇಲೆ ಅಪವಾದ ಬರುತ್ತೆ. ಹೊಸ ಪಂಪ್ ಕೂರಿಸೋ ಹೊತ್ತಿಗೆ ಸೆನ್ಸರ್ ತಣ್ಣಗಾಗಿ ಗಾಡಿ ಸ್ಟಾರ್ಟ್ ಆಗುತ್ತೆ, ಎಲ್ಲರಿಗೂ ಸಮಾಧಾನ. ಮುಂದಿನ ವಾರ ಅದೇ ಕಥೆ.

ಅದಕ್ಕೇ ನಾನು ಹೇಳೋದು, ಗಾಡಿ ಸತ್ತಿರೋವಾಗಲೇ ನೋಡಬೇಕು. ಸ್ಟಾರ್ಟ್ ಆಗೋ ಸ್ಥಿತಿಯಲ್ಲಿ ಗ್ಯಾರೇಜಿಗೆ ತಂದ್ರೆ ಯಾರಿಗೂ ಏನೂ ಕಾಣಲ್ಲ.

ಮೊದಲ ಸುಳಿವು ಆರ್‌ಪಿಎಂ ಮುಳ್ಳು. ಗೇರಲ್ಲಿ ಓಡ್ತಿರೋವಾಗ ಎಂಜಿನ್ ಕಟ್ ಆದ್ರೆ ಕ್ಲಚ್ ಒತ್ತೋ ಮುಂಚೆ ಅದರ ಮೇಲೆ ಒಂದು ಕಣ್ಣಿಡಿ. ಚಕ್ರಗಳು ಎಂಜಿನ್ನನ್ನ ಇನ್ನೂ ತಿರುಗಿಸ್ತಾನೇ ಇರುತ್ತೆ. ಆದರೂ ಮುಳ್ಳು ದಬಕ್ಕಂತ ಸೊನ್ನೆಗೆ ಬಿದ್ದರೆ ಸಿಗ್ನಲ್ಲೇ ಹೋಗಿದೆ ಅಂತ ಅರ್ಥ. ಪಂಪ್ ಹೋಗಿದ್ರೆ ಪಿಕಪ್ ಸಾಯುತ್ತೆ, ಗಾಡಿ ಜಗ್ಗುತ್ತೆ, ಮುಳ್ಳು ಸ್ಪೀಡ್ ಜೊತೆಗೇ ನಿಧಾನಕ್ಕೆ ಇಳಿಯುತ್ತೆ.

ಆಮೇಲೆ ಪಕ್ಕಕ್ಕೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಕೀ ಆನ್ ಮಾಡಿ ಹಿಂದಿನ ಸೀಟಿನ ಹತ್ರ ಕಿವಿ ಕೊಡಿ. ಎರಡು ಸೆಕೆಂಡ್ ಗುಂಯ್ ಅಂದ್ರೆ ಪಂಪಿಗೆ ಜೀವ ಇದೆ. ಸ್ಕ್ಯಾನರ್ ಇದ್ದರೆ ಇನ್ನೂ ಸಲೀಸು: ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಸ್ಕ್ಯಾನರ್ ಸಿಕ್ಕಿಸೋ ಸಾಕೆಟ್ಟಿಗೆ) ಸಿಕ್ಕಿಸಿ, ಸೆಲ್ಫ್ ಹೊಡೀತಾ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡಿ. ಸರಿ ಇದ್ದರೆ ಇನ್ನೂರರ ಆಸುಪಾಸು ತೋರಿಸುತ್ತೆ. ಎಂಜಿನ್ ತಿರುಗ್ತಾ ಇದ್ದೂ ಸೊನ್ನೆ ತೋರಿಸಿದ್ರೆ ಸೆನ್ಸರ್, ಅದರ ವೈರ್ ಬಿಟ್ಟು ಬೇರೆ ಕಡೆ ಮೊದಲು ಹುಡುಕೋ ಅಗತ್ಯ ಇಲ್ಲ. ಸ್ಕ್ಯಾನರಲ್ಲಿ ದೋಷದ ಕೋಡ್ ಪಿ0335 ಅಥವಾ ಪಿ0336 ಇರಬಹುದು. ಕೋಡ್ ಬಿದ್ದೇ ಇಲ್ಲ ಅಂತ ಸೆನ್ಸರನ್ನ ಬಿಟ್ಟುಬಿಡಬೇಡಿ, ಎಷ್ಟೋ ಗಾಡಿಗಳಲ್ಲಿ ಕೋಡ್ ಬೀಳೋಕೆ ಮುಂಚೆಯೇ ಎಂಜಿನ್ ನಿಂತಿರುತ್ತೆ. ಸೆನ್ಸರ್ ಕೈಗೆ ಸಿಗೋ ಜಾಗದಲ್ಲಿದ್ದರೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ, ಎಂಜಿನ್ ಇನ್ನೂ ಬಿಸಿ ಇರೋವಾಗಲೇ ಸ್ಟಾರ್ಟ್ ಆದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಬಾಟಲಿ ನೀರು ಮಾತ್ರ ಸುರೀಬೇಡಿ, ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಕೆಂಡದ ಹಾಗೆ ಕಾದಿರುತ್ತೆ.

ಸೆನ್ಸರ್ ತರೋ ಮುಂಚೆ ವೈರ್ ನೋಡಿಸಿ. ಕುಣಿಗಲ್ ಕಡೆಯವರೊಬ್ಬರು ಹೊಸ ಪಂಪ್, ಹೊಸ ಫಿಲ್ಟರ್, ಹೊಸ ಸೆನ್ಸರ್ ಎಲ್ಲ ಹಾಕಿಸಿಕೊಂಡು ನನ್ನ ಹತ್ರ ಬಂದಿದ್ರು. ಸೆನ್ಸರಿಂದ ಬರೋ ವೈರಿನ ಕ್ಲಿಪ್ ಯಾವಾಗಲೋ ಮುರಿದು, ವೈರ್ ಜೋತುಬಿದ್ದು ಸೈಲೆನ್ಸರ್ ಪೈಪಿಗೆ ತಾಗಿ, ಮೇಲಿನ ಪ್ಲಾಸ್ಟಿಕ್ ಉಗುರಿನಗಲ ಕರಗಿತ್ತು. ಒಳಗಿನ ತಾಮ್ರ ಕಪ್ಪಾಗಿ, ಎಂಜಿನ್ ಅಲುಗಿದಾಗಲೆಲ್ಲ ಕಾರಿನ ಲೋಹದ ಮೈಗೆ ತಾಗ್ತಿತ್ತು. ಒಂದು ಗೇಣು ವೈರ್ ಬದಲಾಯಿಸಿ, ಸ್ಲೀವ್ ಹಾಕಿ ಕಟ್ಟಿ ಕಳಿಸಿದೆ. ಮನೆ ಹತ್ರ ರಾಗಿಹುಲ್ಲಿನ ಮೆದೆ ಪಕ್ಕ ಕಾರು ನಿಲ್ಲಿಸ್ತೀರಾದ್ರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಸೆನ್ಸರಿಗೆ ವೈರ್ ಸೇರೋ ಕಪ್ಲರ್ ಬಿಚ್ಚಿದಾಗ ಒಳಗೆ ಆಯಿಲ್, ಹಸಿರು ಕಿಲುಬು ಇರಬಾರದು.

ಎರಡು ವೈರಿನ ಸೆನ್ಸರ್ ಆದ್ರೆ ಮಲ್ಟಿಮೀಟರಲ್ಲಿ ಓಮ್ಸ್ (ಕಾಯಿಲಿನ ರೆಸಿಸ್ಟೆನ್ಸ್) ನೋಡಬಹುದು, ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಸುತ್ತಮುತ್ತ ಇರುತ್ತೆ. ತಣ್ಣಗಿದ್ದಾಗ ಸರಿ ತೋರಿಸಿ, ಹೇರ್ ಡ್ರೈಯರಲ್ಲಿ ಬಿಸಿ ಮಾಡಿದಾಗ ಓಪನ್, ಅಂದ್ರೆ ತಂತಿ ಕಡಿದಿದೆ ಅಂತ ತೋರಿಸಿದ್ರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ. ಮೂರು ವೈರ್ ಇದ್ದರೆ ಸಾಮಾನ್ಯವಾಗಿ ಅದು ಹಾಲ್ ಸೆನ್ಸರ್ (ಕಾಯಿಲ್ ಬದಲು ಎಲೆಕ್ಟ್ರಾನಿಕ್ ಚಿಪ್ ಇರೋದು), ಅದಕ್ಕೆ ಓಮ್ಸ್ ಟೆಸ್ಟ್ ಮಾಡಿಸಬೇಡಿ.

ಬದಲಾಯಿಸೋದು ದೊಡ್ಡ ಕೆಲಸ ಅಲ್ಲ, ಹೆಚ್ಚಾಗಿ ಒಂದೇ ಬೋಲ್ಟು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಕೂರೋ ಜಾಗ ಒರೆಸಿ, ಓ-ರಿಂಗಿಗೆ ಒಂದು ಹನಿ ಆಯಿಲ್ ಸವರಿ ಕೈಯಲ್ಲೇ ಒತ್ತಿ ಕೂರಿಸಬೇಕು, ಸುತ್ತಿಗೆ ಮುಟ್ಟಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಗ್ಗದ ಮಾಲೂ ಸಿಗುತ್ತೆ, ಆದರೆ ಈ ಒಂದು ಐಟಂ ಕಂಪನಿ ಪಾರ್ಟ್ ನಂಬರ್ ನೋಡಿ ಒರಿಜಿನಲ್ಲೇ ತನ್ನಿ. ಕೆಲವು ಗಾಡಿಗಳಿಗೆ ಆಮೇಲೆ ಸ್ಕ್ಯಾನರಲ್ಲಿ ರೀಲರ್ನ್ ಮಾಡಿಸಬೇಕು, ಅಂದ್ರೆ ಹೊಸ ಸೆನ್ಸರನ್ನ ಇಸಿಎಂಗೆ ಪರಿಚಯ ಮಾಡಿಸಬೇಕು.

ಅಲ್ಲೀವರೆಗೆ ದೇವರಾಯನದುರ್ಗದ ಬೆಟ್ಟದ ಕಡೆ ಹೋಗಬೇಡಿ. ಇಳಿಜಾರಲ್ಲಿ ಎಂಜಿನ್ ನಿಂತರೆ ಬ್ರೇಕ್ ಬೂಸ್ಟರ್ (ಬ್ರೇಕ್ ತುಳಿಯೋದನ್ನ ಹಗುರ ಮಾಡೋ ಭಾಗ) ಎರಡು ಮೂರು ಸಲ ತುಳಿಯೋಷ್ಟು ಮಾತ್ರ ಆಸರೆ ಕೊಡುತ್ತೆ, ಸ್ಟೇರಿಂಗೂ ಗಟ್ಟಿಯಾಗುತ್ತೆ. ಹೈವೇಲಿ ನಿಂತರೂ ಬ್ರೇಕ್ ಪದೇಪದೇ ತುಳೀಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಪಕ್ಕಕ್ಕೆ ತನ್ನಿ. ಗಾಡಿ ಪೂರ್ತಿ ನಿಲ್ಲೋವರೆಗೆ ಕೀ ಹೊರಗೆ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗುತ್ತೆ.

ಯಾವ ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ, ನಿಂತಾಗ ಮುಳ್ಳು ಹೇಗೆ ಬಿತ್ತು ಅಂತ ಬರೀರಿ. ಡೀಸೆಲ್ ಗಾಡಿ ಆಗಿದ್ರೆ ಡೀಸೆಲ್ ಒತ್ತಡ ಅಳೆಯೋ ರೈಲ್ ಪ್ರೆಶರ್ ಸೆನ್ಸರ್ ಕಡೆಯೂ ನೋಡಬೇಕಾಗುತ್ತೆ, ಅದನ್ನ ಆಗ ಹೇಳ್ತೀನಿ.