ಕಿವಿ ಕೇಳದ ಅವ್ವನಿಗೆ ಮನೆ ನಾಯಿ ನೆರವಾಗುತ್ತಾ?

ಅಕ್ಕಾವ್ರೇ, ರಾಯಚೂರಿನಲ್ಲಿ ನೀವು ಕೆಲಸಕ್ಕೆ ಹೋದಾಗ ಕಿವಿ ಕೇಳದ ಅವ್ವ ಒಬ್ಬರೇ ಇರ್ತಾರೆ, ಒಂದೂವರೆ ವರ್ಷದ ನಾಟಿ ನಾಯಿಗೆ ಏನಾದರೂ ಕಲಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಸಬಹುದು. ತಳಿ ಮುಖ್ಯ ಅಲ್ಲ. ಸದ್ದಿಗೆ ಜಾಸ್ತಿ ಹೆದರದ, ತಿನ್ನುವ ಆಸೆ ಇರುವ ನಾಯಿ ಸಾಕು.

ಬಳ್ಳಾರಿಯಲ್ಲಿ ನಮ್ಮ ಅಪ್ಪನಿಗೂ ಕಿವಿ ಕೇಳಿಸಲ್ಲ. ನಮ್ಮ ನಾಯಿ ಕರಿಯನಿಗೆ ಮೊದಲು ಕಲಿಸಿದ್ದು ಮೂಗಿನಿಂದ ಅಪ್ಪನ ಮೊಣಕಾಲು ಮುಟ್ಟುವುದನ್ನ. ಮುಟ್ಟಿದ ಕೂಡಲೇ ಬೇಯಿಸಿದ ಮೊಟ್ಟೆಯ ಒಂದು ಚೂರು. ಅದು ರೂಢಿಯಾದ ಮೇಲೆ ನಾನು ಹೊರಗೆ ನಿಂತು ಬೆಲ್ ಒತ್ತುತ್ತಿದ್ದೆ, ಒಳಗೆ ಅಪ್ಪನ ಕೈಯಲ್ಲಿ ಮೊಟ್ಟೆ, ಬೆಲ್ ಕೇಳಿ ಕರಿಯ ಮುಟ್ಟಿದರೆ ಒಂದು ಚೂರು. ಆಮೇಲೆ ಅಪ್ಪ ಕೈಸನ್ನೆಯಲ್ಲಿ 'ಎಲ್ಲಿ?' ಅಂದರೆ ಬಾಗಿಲ ತನಕ ಕರೆದುಕೊಂಡು ಹೋಗುವುದು. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಅಷ್ಟೇ. ಚೂರು ಕೊಡುವುದು ಅವ್ವನೇ ಆಗಿರಲಿ, ನೀವಲ್ಲ.

ಕುಕ್ಕರ್ ಸೀಟಿಗೆ ಕರಿಯ ಮಂಚದ ಕೆಳಗೆ ಓಡುತ್ತಿದ್ದ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸಣ್ಣಗೆ ಕೇಳಿಸಿ, ನಿಧಾನಕ್ಕೆ ಸದ್ದು ಏರಿಸಿದೆವು. ಈಗ ಸೀಟಿ ಕೂಗಿದರೆ ಅಪ್ಪನ ಲುಂಗಿ ಮೇಲೆ ಒದ್ದೆ ಮೂಗಿನ ಗುರುತು!

ತಪ್ಪಿದರೆ ಬೈಯಬೇಡಿ. ಬೈದರೆ ಹತ್ತಿರ ಬರುವುದನ್ನೇ ಬಿಡುತ್ತದೆ. ರೇಬಿಸ್ ಲಸಿಕೆ ತಪ್ಪಿಸಬೇಡಿ. ನಮ್ಮ ಕಡೆ ಬೇಸಿಗೆ ಗೊತ್ತಲ್ವಾ, ಮಧ್ಯಾಹ್ನ ಡಾಂಬರು ರಸ್ತೆಗೆ ಇಳಿಸಿದರೆ ಅಂಗಾಲು ಸುಡುತ್ತದೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಯ ಮಾತು ಬೇರೆ. ಅದನ್ನ ನುರಿತವರೇ ತಿಂಗಳುಗಟ್ಟಲೆ ಪಳಗಿಸಬೇಕು, ಮನೆಯಲ್ಲಿ ಆಗಲ್ಲ. ನೀವು ಬೆಲ್ ಒಂದರಿಂದಲೇ ಶುರು ಮಾಡಿ.